ಬಾವನ ಎದುರಿನ ನಡಿಗೆ

ನಿಮ್ಮ ತಮ್ಮನ ಹೆಂಡತಿ ನೀವಿಲ್ಲದಾಗ ಹೇಗೆ ನಡೆಯುತ್ತಾಳೆಂದು ನಿಮಗೆ ಗೊತ್ತೇ? ಗೊತ್ತಿರಲಾರದು. ಆದರೂ ಅವಳ ಕಾಲಿನ ಬಗ್ಗೆ ತೀರ್ಪು ಕೊಡುವ ಅಧಿಕಾರ ನಿಮಗುಂಟೆಂದು ನಂಬಿದ್ದೀರಲ್ಲವೇ?

ಅರಕೆರೆಯ ಚಿಕ್ಕಸ್ವಾಮಿಯೂ ಹಾಗೆಯೇ ನಂಬಿದ್ದ. ಆಲೆಮನೆ ಅವನದು. ತಮ್ಮನ ಹೆಂಡತಿ ಗೌರಮ್ಮ ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು, ನಾಲೆಯ ಏರಿ ಹತ್ತಿಳಿದು ಅಲ್ಲಿಗೆ ತರುತ್ತಿದ್ದಳು. ಅವಳ ಬಲಮೊಣಕಾಲು ಸಂಜೆಯಾದರೆ ಊದಿಕೊಳ್ಳುತ್ತಿತ್ತು. ಹೊರೆ ಬಿಡಿಸಿ, ಬೆಲ್ಲದ ಅಚ್ಚು ತುಂಬುವಲ್ಲಿ ಕೂರಿಸಬೇಕೆಂದು ಅತ್ತೆ ಅಣ್ಣಮ್ಮನಿಂದ ಕೇಳಿಸಿದಳು. ಬಾವನೊಡನೆ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಇಂಜಿನಿಯರಿಂಗ್ ಕಾಲೇಜೊಂದರ ಮೇಷ್ಟ್ರು ಕಿಶನ್, ನಡಿಗೆ ಅಳೆಯುವ ಯಂತ್ರದೊಂದಿಗೆ ಊರಿಗೆ ಬಂದರು. ನೆಲಕ್ಕೆ ಹಾಸಿದ ಉಕ್ಕಿನ ಹಲಗೆ ಪಾದದ ಒತ್ತಡವನ್ನು ಹಿಡಿಯುತ್ತದೆ. ಕ್ಯಾಮೆರಾ ಕಾಲಿನ ಚಲನೆಯನ್ನು ಹಿಡಿಯುತ್ತದೆ. ಕಂಪ್ಯೂಟರು ಪರದೆಯ ಮೇಲೆ ತೊಡೆಗೊಂದು, ಮೊಣಕಾಲಿನ ಕೆಳಗಿನ ಭಾಗಕ್ಕೊಂದು ಕಡ್ಡಿಯಂಥ ಗೆರೆ ಎಳೆದು, ನಡುವಿನ ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ಲೆಕ್ಕ ಹಾಕುತ್ತದೆ.

"ಮಿಷನ್ನು ಏನಂತದೋ ಅಂಗೇ ಆಗ್ಲಿ ಕಣವ್ವ," ಎಂದು ತಾಯಿಗೆ ಹೇಳಿದ ಚಿಕ್ಕಸ್ವಾಮಿ, ಹಲಗೆಯ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತ.

ಕ್ಯಾಮೆರಾಕ್ಕೆ ಗುರುತು ಸಿಗಲೆಂದು ಸೀರೆಯ ಮೇಲೆಯೇ ಮೊಣಕಾಲಿಗೆ ಬಿಳಿ ಬಿಲ್ಲೆ ಕಟ್ಟಿಸಿಕೊಂಡ ಗೌರಮ್ಮ, ಸೆರಗು ಹೊದ್ದು, ತಲೆ ತಗ್ಗಿಸಿ, ಸದ್ದಾಗದ ಪುಟ್ಟ ಹೆಜ್ಜೆಗಳಲ್ಲಿ ಹಲಗೆ ದಾಟಿದಳು. ತಲೆಯ ಮೇಲೆ ಹೊರೆಯಿರಲಿಲ್ಲ. ಕಾಲ ಕೆಳಗೆ ಏರಿಯಿರಲಿಲ್ಲ.

"ಕೀಲಿನ ಮೇಲೆ ಬೀಳ್ತಿರೋ ಭಾರ ತೀರಾ ಕಡಿಮೆ. ಏನೂ ತೊಂದರೆ ಇಲ್ಲ," ಎಂದರು ಕಿಶನ್.

"ಕೇಳುಸ್ಕಂಡ್ಯಾ ಅವ್ವ? ನೋವೂ ಇಲ್ಲ ಗೀವೂ ಇಲ್ಲ, ಬರೀ ನೆಪ," ಎಂದ ಚಿಕ್ಕಸ್ವಾಮಿ.

ಅಣ್ಣಮ್ಮ ಸಿಡಿದಳು: "ಲೇ, ನೀನು ಇಂಗೆ ದೊಡ್ ಜಡ್ಜಿಯಂಗೆ ಎದುರ್ಗೆ ಕುಂತ್ಕಂಡ್ರೆ ಅವ್ಳು ಕಾಲು ಊರಿ ನಡ್ದಾಳೇನ್ಲಾ? ಎದ್ದೋಗು ಅತ್ಲಾಗೆ! ಸ್ವಾಮಿ, ತಲೆ ಮ್ಯಾಲೆ ಒರೆ ಇಕ್ಕಿ ಇನ್ನೊಂದ್ಸಲ ನಡುಸಿ."

"ನಮ್ಮ ಲೆಕ್ಕದಲ್ಲಿ ಹೊರೆಗೆ ಜಾಗ ಇಲ್ಲ ಅಜ್ಜಿ," ಎಂದು ಕಿಶನ್ ನಕ್ಕು ವೈರು ಸುತ್ತತೊಡಗಿದರು.

ಒಬ್ಬಳ ಅಂಜಿಕೆಯನ್ನು ಅಳೆದು ಆರೋಗ್ಯವೆಂದು ಸಾರುವುದು ಯಾವ ಸೀಮೆಯ ವಿದ್ಯೆ? ಪರದೆಯ ಮೇಲಿನ ಕಡ್ಡಿಗಳಿಗೆ ಬಾವನಿರಲಿಲ್ಲ, ಗೌರಮ್ಮನಿಗಿದ್ದ. ಮರುದಿನ ಅವಳು ಮತ್ತೆ ಹೊರೆ ಹೊತ್ತು ಏರಿ ಹತ್ತಿದಳು. ಮೊದಲಾದರೆ ನೋವೆಂದರೆ ಕೇಳುವವರಾದರೂ ಇದ್ದರು. ಈಗ ಆಲೆಮನೆಯಲ್ಲಿ ಒಂದೇ ಉತ್ತರ: "ಮಿಷನ್ನೇ ಹೇಳ್ಬುಟ್ಟದೆ."

ಓದುಗರೇ, ಅಂಥ ಯಂತ್ರವುಳ್ಳವರು ನಿಮಗೆ ಪರಿಚಿತರಾಗಿದ್ದರೆ ದಯವಿಟ್ಟು ಅವರನ್ನು ಇನ್ನೊಮ್ಮೆ ಅರಕೆರೆಗೆ ಕಳುಹಿಸಿ. ಹಲಗೆಯನ್ನು ನಾಲೆಯ ಏರಿಯ ಮೇಲೆ ಹಾಸಲು ಹೇಳಿ, ಹೊರೆಯನ್ನೂ ಲೆಕ್ಕಕ್ಕೆ ಸೇರಿಸಲು ಹೇಳಿ. ಅದಕ್ಕೂ ಮೊದಲು, ಆ ಕುರ್ಚಿಯನ್ನು ಅಲ್ಲಿಂದ ತೆಗೆಸಿ.