ಬಾಣಂತಿ ಮೂಲೆ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ಆಗ ಹೆಂಗಸರಿಗೆಂದು ಇದ್ದದ್ದು ಒಂದೇ ಡಬ್ಬಿ. ಅದರೊಳಗೆ ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೆ ಒಂದು ಕಾನೂನಿತ್ತು. ಆ ಕಾನೂನು ಮಾಡಿದ್ದು ರೈಲಿನವರಲ್ಲ, ಅಮ್ಮಾಜಕ್ಕ. ಎಂಜಿನ್ನಿಗೆ ಬೆನ್ನು ಮಾಡಿ ಕೂರುವ ಮೂಲೆಯ ಹಲಗೆ ಯಾವತ್ತೂ ಎದೆಹಾಲು ಕುಡಿಯುವ ಕೂಸಿದ್ದವಳಿಗೆ. ಅಲ್ಲಿಗೆ ಹೊಗೆ ಅಷ್ಟಾಗಿ ನುಗ್ಗುವುದಿಲ್ಲ, ಕಿಡಿ ಸಿಡಿಯುವುದಿಲ್ಲ, ಗೋಡೆ ಕಡೆ ತಿರುಗಿ ಕೂತರೆ ಮರೆಯೂ ಆಗುತ್ತದೆ. ನಾವೆಲ್ಲ ಅದನ್ನು ಬಾಣಂತಿ ಮೂಲೆ ಅನ್ನುತ್ತಿದ್ದೆವು. ಮಿಕ್ಕವರು ಸಿಕ್ಕ ಕಡೆ ಕೂರಬೇಕು, ಇಲ್ಲವೇ ಮೊಸರಿನ ಗಡಿಗೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ನಿಲ್ಲಬೇಕು. ಬೇರೆಯವರ ಮಗು ಅತ್ತರೆ ಮುಖ ಸಿಂಡರಿಸಬಾರದು. ಉಚ್ಚೆ ಹೊಯ್ದರೆ ಹತ್ತಿರವಿದ್ದವಳು ತನ್ನ ಚೊಂಬಿನ ನೀರು ಹಾಕಿ ತೊಳೆಯಬೇಕು. ಒಬ್ಬಳಿಗೆ ಎರಡು ಮಕ್ಕಳಿದ್ದರೆ ದೊಡ್ಡದನ್ನು ಮಡಿಲು ಖಾಲಿ ಇದ್ದವಳು ಎತ್ತಿಕೊಳ್ಳಬೇಕು.

ಮಡಿಲು ಖಾಲಿ ಇದ್ದವಳು ಅಂದರೆ ನಾನು. ಮದುವೆಯಾಗಿ ಎಂಟು ವರ್ಷ ನನಗೆ ಮಕ್ಕಳಾಗಲಿಲ್ಲ. ಆ ಎಂಟು ವರ್ಷವೂ ಊರಿಗಾಂ ಲೈನುಗಳಿಗೆ ಮೊಸರು ಹೊತ್ತೆ. ಚಿನ್ನದ ಗಣಿಯೊಳಗೆ ಇಳಿಯುವ ತಮಿಳರ ಮನೆಗಳು ಅವು, ತಟ್ಟಿ ಗೋಡೆ, ಸಾಲುಸಾಲು ಬಾಗಿಲು. ಅಮ್ಮಾಜಕ್ಕ ನಮ್ಮ ಪಕ್ಕದ ಹಳ್ಳಿಯವಳು, ನನಗಿಂತ ದೊಡ್ಡವಳು, ಅವಳು ಮಾರುತ್ತಿದ್ದದ್ದು ಒಂದು ಸ್ಟೇಷನ್ ಈಚೆಗೆ, ಕೋರಮಂಡಲ್‌ನಲ್ಲಿ. ಅವಳ ಮೂರು ಮಕ್ಕಳೂ ಆ ಮೂಲೆಯಲ್ಲೇ ಹಾಲು ಕುಡಿದು ಬೆಳೆದವು. ಒಂದು ಹಾಲು ಬಿಡುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಕೋರಮಂಡಲ್ ಬಂದ ಕೂಡಲೇ ಒಂದನ್ನು ತನ್ನ ಸೊಂಟಕ್ಕೇರಿಸಿ, ಇನ್ನೊಂದನ್ನು ನನ್ನ ಸೊಂಟಕ್ಕೇರಿಸಿ, "ಇದುನ್ನ ನೀನೆತ್ಕೊಂಡೋಗೆ ರತ್ನ, ನಂಗೆ ಎಲ್ಡೂ ಆಗಲ್ಲ" ಅನ್ನುತ್ತಾ ಇಳಿದುಬಿಡುತ್ತಿದ್ದಳು. ತಲೆಯ ಮೇಲೆ ಗಡಿಗೆ, ಸೊಂಟದಲ್ಲಿ ಅವಳ ಮಗು. ಊರಿಗಾಂನವರು ನನ್ನನ್ನು ನೋಡಿದ್ದೆಲ್ಲ ಹಾಗೆಯೇ. ನನಗೇನೂ ಭಾರ ಅನ್ನಿಸಲಿಲ್ಲ. ಸುಳ್ಳು ಯಾಕೆ, ಅದೇ ನನ್ನ ಸುಖವಾಗಿತ್ತು. ಅವಳ ಕೊನೆಯ ಮಗ ಕೋದಂಡ ಮೊದಲ ಹೆಜ್ಜೆ ಇಟ್ಟಿದ್ದು ಊರಿಗಾಂ ಪ್ಲಾಟ್‌ಫಾರಂ ಮೇಲೆ, ನನ್ನ ಬೆರಳು ಹಿಡಿದು.

ಕಡೆಗೂ ನಾನು ಬಸುರಿಯಾದಾಗ ಡಬ್ಬಿಯಲ್ಲಿ ಎಲ್ಲರಿಗಿಂತ ಜಾಸ್ತಿ ಸಂಭ್ರಮಪಟ್ಟವಳು ಅಮ್ಮಾಜಕ್ಕನೇ. ಹುಣಿಸೆಕಾಯಿ ತಂದುಕೊಟ್ಟಳು, ಬಳೆ ತೊಡಿಸಿದಳು. ಹೆರಿಗೆಗೆ ನಾನು ತೌರಿಗೆ ಹೊರಟ ದಿನ ನನ್ನ ಗಲ್ಲ ಹಿಡಿದು, "ಇನ್ಮ್ಯಾಲೆ ಈ ಮೂಲೆ ನಿಂದು ಕಣೆ. ಯಾವಳಾನ ಕೂತ್ರೆ ಕಾಲ್ ಮುರೀತೀನಿ. ನಿನ್ನ ಮನೆಗಳ ಯೋಚ್ನೆ ಬಿಡು. ನೀನು ಬರೋಗಂಟ ನಾನು ಮೊಸರಾಕ್ತೀನಿ. ಬಂದ್ಮ್ಯಾಲೆ ನಿನ್ನ ಮನೆ ನಿಂಗೆ" ಅಂದಳು. ಒಡಹುಟ್ಟಿದವಳು ಕೂಡ ಇಷ್ಟು ಮಾಡುವುದಿಲ್ಲವೆಂದು ನಾನು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡೆ.

ಗಂಡು ಕೂಸಾಯಿತು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದಾಗ ನಮ್ಮತ್ತೆ ಆದಿಲಕ್ಷ್ಮಮ್ಮ ಒಂದೇ ಮಾತು ಹೇಳಿದರು. "ಕೂಸುನ್ನ ಎತ್ಕೊಂಡು ಯಾಪಾರಕ್ಕೋಗಂಗಿದ್ರೆ ಓಗು. ಆಗಲ್ಲ ಅಂದ್ರೆ ಬಿಡು, ಚಿಕ್ಕೋಳು ಓಗ್ತಾಳೆ." ಚಿಕ್ಕೋಳು ಅಂದರೆ ನನ್ನ ಓರಗಿತ್ತಿ. ಅವಳಂತೂ ಗಡಿಗೆ ಹೊರಲು ಸಿಂಬಿ ಸುತ್ತಿಕೊಂಡು ಕಾಯುತ್ತಲೇ ಇದ್ದಳು. ಆ ಮನೆಯಲ್ಲಿ ಎಂಟು ವರ್ಷ ನನ್ನನ್ನು ಬಂಜೆ ಅನ್ನದ ಹಾಗೆ ಅವರ ಬಾಯಿ ಕಟ್ಟಿಹಾಕಿದ್ದು ನಾನು ತರುತ್ತಿದ್ದ ಮೊಸರಿನ ಸಂಪಾದನೆ. ಅದನ್ನು ಬಿಟ್ಟುಕೊಟ್ಟರೆ ಒಲೆ ಮುಂದಿನ ಬೂದಿ ತೆಗೆಯುವುದೊಂದೇ ನನ್ನ ಪಾಲಿಗೆ ಉಳಿಯುತ್ತಿತ್ತು. ಕೂಸನ್ನು ಬಿಟ್ಟು ಹೋಗೋಣವೆಂದರೆ ಮೇಕೆ ಹಾಲು ಕೊಟ್ಟರೆ ಕಕ್ಕುತ್ತಿತ್ತು. ಕರೆದುಕೊಂಡು ಹೋಗಬೇಕು, ದಾರಿಯಲ್ಲಿ ಹಾಲು ಕೊಡಬೇಕು. "ಅದಕ್ಕೇನಂತೆ, ಮೂಲೆ ಐತೆ, ಅಮ್ಮಾಜಕ್ಕ ಅವಳೆ" ಅಂತ ಅತ್ತೆಯೆದುರು ಎದೆ ತಟ್ಟಿ ಹೇಳಿ ಹೊರಟೆ.

ಡಬ್ಬಿ ಹತ್ತಿ ನೋಡಿದರೆ ಮೂಲೆಯಲ್ಲಿ ಅಮ್ಮಾಜಕ್ಕ ಗೋಡೆ ಕಡೆ ತಿರುಗಿ, ಸೆರಗು ಮುಚ್ಚಿ ಹಾಲು ಕೊಡುತ್ತಾ ಕೂತಿದ್ದಾಳೆ! ಅಯ್ಯೋ, ನಾನು ತೌರಲ್ಲಿದ್ದಾಗ ಇವಳಿಗೆ ಇನ್ನೊಂದಾಯಿತೇ ಅಂದುಕೊಂಡೆ. ಆಮೇಲೆ ಕಾಲು ಕಾಣಿಸಿದವು. ಸೆರಗಿನಿಂದ ಹೊರಗೆ ಬಂದು ಪಕ್ಕದವಳ ತೊಡೆಯ ಮೇಲಿದ್ದ ಎರಡು ಧೂಳುಗಾಲು.

"ಯಾರದಕ್ಕ ಇಷ್ಟುದ್ದ ಕಾಲು?" ಅಂದೆ.

"ನಮ್ಮ ಕೋದಂಡುಂದೇ. ಇನ್ನೂ ಬಿಟ್ಟಿಲ್ಲ ಕಣೆ, ಏನ್ ಮಾಡ್ಲಿ?"

ಸೆರಗು ಸರಿಯಿತು. ನಾಲ್ಕು ವರ್ಷದ ಕೋದಂಡ ಬಾಯಿ ತುಂಬಾ ಕಡಲೆಪುರಿ ಇಟ್ಟುಕೊಂಡು, "ಚಿಕ್ಕಮ್ಮ ಬಂದ್ಲು!" ಅಂದ. ಡಬ್ಬಿಯೆಲ್ಲ ನಕ್ಕಿತು, ನಾನೂ ನಕ್ಕೆ. ತಮಾಷೆ ಮಾಡುತ್ತಿದ್ದಾಳೆ, ಈಗ ಏಳುತ್ತಾಳೆ ಅಂತ ಗಡಿಗೆ ಇಳಿಸಿ ನಿಂತೆ. ರೈಲು ಹೊರಟಿತು. ಅವಳು ಏಳಲಿಲ್ಲ. ಕೋದಂಡನ ತಲೆ ಹಿಡಿದು ಮತ್ತೆ ಸೆರಗಿನೊಳಗೆ ತುರುಕಿದಳು.

ಕೂಸು ಅಳುವುದಕ್ಕೆ ಶುರು ಮಾಡಿತು. ನಿಂತುಕೊಂಡು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕೂಸು, ಹಾಲು ಕೊಡುವುದು ಹೇಗೆ? ಗಡಿಗೆಗಳ ನಡುವೆ ಕುಕ್ಕರಗಾಲಲ್ಲಿ ಕೂತು ನೋಡಿದೆ, ಡಬ್ಬಿ ಕುಲುಕಿದಾಗೆಲ್ಲ ಕೂಸಿನ ಬಾಯಿ ತಪ್ಪಿಹೋಗುತ್ತಿತ್ತು. ಹೊಗೆ ಬಡಿದು ಕೆಮ್ಮತೊಡಗಿತು. "ಅಕ್ಕ, ಒಸಿ ಜಾಗ" ಅಂದೆ. ಅವಳಿಗೆ ಕೇಳಿಸಲಿಲ್ಲ. ಇಷ್ಟು ವರ್ಷ ನಾನು ನಿಂತುಕೊಂಡು ಯಾರ ಯಾರ ಮಕ್ಕಳಿಗೋ ಜಾಗ ಬಿಟ್ಟಿದ್ದೆನೋ ಅವರೆಲ್ಲ ತಮ್ಮ ತಮ್ಮ ಗಡಿಗೆಯ ಬಾಯಿ ನೋಡಿಕೊಂಡು ಕೂತರು. ಗಡಿಗೆಗಳನ್ನು ಲಗೇಜಿಗೆ ಹಾಕದೆ ಡಬ್ಬಿಯೊಳಗೇ ತರುವುದಕ್ಕೆ ಗಾರ್ಡಿನ ಹತ್ತಿರ ತಮಿಳಿನಲ್ಲಿ ನಕ್ಕು ಮಾತಾಡಿ ಒಪ್ಪಿಸಿದ್ದವಳು ಅಮ್ಮಾಜಕ್ಕ. ಅವಳನ್ನು ಎದುರುಹಾಕಿಕೊಳ್ಳಲು ಯಾರಿಗೆ ಧೈರ್ಯ?

ಕೋರಮಂಡಲ್ ಬಂತು. ಅವಳು ಇಳಿಯಲಿಲ್ಲ.

"ಯಾಕಕ್ಕ, ಇಳೀಲಿಲ್ವಾ?"

"ಊರಿಗಾಂನಾಗೆ ಒಸಿ ಕೆಲ್ಸ ಐತೆ" ಅಂದಳು, ಕಿಟಕಿಯಾಚೆ ನೋಡುತ್ತಾ.

ಊರಿಗಾಂನಲ್ಲಿ ಅವಳು ಗಡಿಗೆ ಹೊತ್ತು ಸರಸರನೆ ಹೋಗಿಬಿಟ್ಟಳು. ಹಾಲು ಬಿಡದ ಕೋದಂಡ ಅವಳ ಹಿಂದೆ ಓಡಿದ. ನನ್ನ ಕೂಸು ಅತ್ತತ್ತು ಗಂಟಲು ಕಟ್ಟಿಕೊಂಡಿತ್ತು. ಸ್ಟೇಷನ್ನಿನ ಹಿಂಗೋಡೆಯ ಮರೆಯಲ್ಲಿ ಕೂತು ಹಾಲು ಕೊಟ್ಟು ಮಲಗಿಸಿಕೊಂಡು ಲೈನಿನ ಕಡೆ ನಡೆದೆ.

ಮೊದಲ ಮನೆ ಪೆರುಮಾಳನದು. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು ನನ್ನನ್ನು ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ ರತ್ನಮ್ಮಾ, ವಾ ಮ್ಮಾ! ಯಾರ್ ಕೊಳಂದೆ ಇದು?"

"ನಂದೇ ಅಮ್ಮ. ನನ್ನ ಕೂಸು."

ಅವಳ ಮುಖ ಬಾಡಿಹೋಯಿತು. ನನ್ನ ಭುಜ ಸವರುತ್ತಾ ಹೇಳಿದಳು: "ಅಳಬೇಡ ಮ್ಮಾ. ನಿನ್ ಕೊಳಂದೆ ಹುಟ್ಟಿದ ವಾರಕ್ಕೇ ಹೋಯ್ತು ಅಂತ ಅಮ್ಮಾಜಮ್ಮ ಹೇಳಿದ್ಳು. ಲೈನೇ ಅತ್ತುಬಿಡ್ತು. ಇದು ಅವಳ ಕೊಳಂದೆ ತಾನೆ? ಮನೇಲಿ ಹಾಲು ಕುಡಿಯೋದು ಇದೆ ಅಂತ ಹೇಳ್ತಾ ಇದ್ಳು. ಎಷ್ಟು ಒಳ್ಳೆ ಹೆಂಗ್ಸು, ನಿನ್ ಸಮಾಧಾನಕ್ಕೆ ತನ್ನ ಕೂಸೇ ಕೊಟ್ಟಿದಾಳೆ!"

ಎಂಟು ವರ್ಷ ಬೇಡಿ ಪಡೆದದ್ದನ್ನು, ದೃಷ್ಟಿಯಾದೀತೆಂದು ನಾನೇ ಕಣ್ತುಂಬ ನೋಡದಿದ್ದ ಕೂಸನ್ನು, ಸತ್ತಿತು ಅನ್ನಲು ಅಮ್ಮಾಜಕ್ಕನಿಗೆ ಹೇಗೆ ಮನಸ್ಸು ಬಂತು? "ಸುಳ್ಳು! ಇದು ನಂದು, ಬದುಕೈತೆ, ನೋಡಮ್ಮ!" ಅಂತ ಕಿರುಚಿದೆ. ಅಕ್ಕಪಕ್ಕದ ಬಾಗಿಲಿಂದ ನಾಲ್ಕು ಜನ ಹೆಂಗಸರು ಬಂದರು. ನನ್ನ ಬಸಿರನ್ನು ನೋಡಿದ್ದವರು, ಕೂಸನ್ನು ನೋಡಿರದವರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ, ಅನುಮಾನವೂ ಇರಲಿಲ್ಲ. ಕನಿಕರವಿತ್ತು. ಪಾಪ, ತಲೆ ಕೆಟ್ಟಿದೆ ಅನ್ನುವ ಕನಿಕರ. ಎದೆಗೆ ಹಾಕಿಕೊಂಡು ತೋರಿಸಲೇ ಅಂದುಕೊಂಡೆ. ಮಗು ಕಳೆದುಕೊಂಡವಳಿಗೂ ಹಾಲು ಇರುತ್ತದಲ್ಲ, ಅದರಿಂದ ಯಾರು ನಂಬುತ್ತಾರೆ? ಗಣಿಯ ಸೈರನ್ ಕೂಗಿತು, ರಾತ್ರಿ ಪಾಳಿಯ ಗಂಡಸರು ಕೆಲಸದಿಂದ ಬರುವ ಹೊತ್ತಾಯಿತೆಂದು ಅವರೆಲ್ಲ ಒಳಗೆ ಹೋದರು. ಎಲ್ಲ ಬಾಗಿಲಲ್ಲೂ ಆಗಲೇ ಅಮ್ಮಾಜಕ್ಕನ ಮೊಸರು ಅಳೆದಾಗಿತ್ತು. ನನ್ನ ಗಡಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು.

ವಾಪಸು ರೈಲಿನಲ್ಲಿ ಅವಳು ಅದೇ ಮೂಲೆಯಲ್ಲಿ ಕೂತಿದ್ದಳು. ಅವಳ ಎದುರಿಗೇ ಹೋಗಿ ನಿಂತು ಕೇಳಿದೆ.

"ನನ್ನ ಮಗ ಸತ್ತೋದ ಅಂತ ಏಳಿದ್ಯಾ ಅಕ್ಕ?"

"ಕೂಗಬ್ಯಾಡ, ಕೂಸೆದ್ದೀತು" ಅಂದಳು.

"ಏಳಿದ್ಯಾ, ಇಲ್ವಾ?"

"ಏಳ್ದೆ." ಅವಳು ತಲೆ ತಗ್ಗಿಸಲೂ ಇಲ್ಲ. "ಕೋರಮಂಡಲ್‌ನಾಗೆ ಯಾರೋ ಎಮ್ಮೆ ಕಟ್ಕೊಂಡು ಬಂದವ್ರೆ, ನನ್ನ ಮೊಸರು ಕೇಳೋರಿಲ್ಲ. ಮೂರು ಮಕ್ಳುನ್ನ ಏನ್ ಮಾಡ್ಲಿ? ನಿನ್ನ ಮನೆಗಳೋರು ಏನಂದ್ರೂ ಬಗ್ಗಲ್ಲ ಕಣೆ. ರತ್ನಮ್ಮುಂಗೆ ಉಸಾರಿಲ್ಲ ಅಂದೆ, ಕಾಯ್ತೀವಿ ಅಂದ್ರು. ತೌರಲ್ಲೇ ಉಳ್ಕೊಂಡ್ಲು ಅಂದೆ, ಬರೋಗಂಟ ಕಾಯ್ತೀವಿ ಅಂದ್ರು. ಕೂಸು ಓಯ್ತು, ಇನ್ನವಳು ಈ ಕಡೆ ತಲೆಯಾಕಲ್ಲ ಅಂದ್ಮ್ಯಾಲೇನೇ ನಂಗೆ ಪೂರ್ತಿಯಾಗಿ ಒಪ್ಪಿದ್ದು. ಬ್ಯಾರೆ ಏನೇಳಿದ್ರೂ ನಿನ್ನೇ ಕಾಯ್ತಿದ್ರು."

ತಪ್ಪಾಯಿತು ಅಂದಿದ್ದರೆ ಅವಳ ಜುಟ್ಟು ಹಿಡಿದು ಎಳೆದುಬಿಡುತ್ತಿದ್ದೆನೋ ಏನೋ. ಅವಳು ಅಷ್ಟು ನಿಜ ಹೇಳಿದ್ದಕ್ಕೆ ನನ್ನ ಕೈಯೇ ಏಳಲಿಲ್ಲ. ಕೂಸು ಎದ್ದು ಮತ್ತೆ ಅಳತೊಡಗಿತು.

"ನಾಳೆ ನನ್ನ ಜೊತೆ ಬಾ. ಒಂದೊಂದು ಮನೆಗೂ ಬಂದು ಸುಳ್ಳೇಳ್ದೆ ಅಂತ ಏಳು" ಅಂದೆ. ನನ್ನ ಮಾತು ಅಲ್ಲಿ ನಡೆಯುವುದಿಲ್ಲವೆಂದು ಆ ದಿನವೇ ಕಂಡಿದ್ದೆ. ಕೂಸು ಬದುಕಿದೆ ಅಂತ ಅವಳ ಬಾಯಿಂದಲೇ ಬರಬೇಕಿತ್ತು.

ಅವಳು ಕುಂಬಳಕಾಯಿ ಹೋಳು ಮಾಡುವವಳ ಹಾಗೆ ಅಂಗೈಯನ್ನು ಗಾಳಿಯಲ್ಲಿ ಕತ್ತರಿಸಿ ಹೇಳಿದಳು: "ಬದುಕೈತೆ ಅಂತ ಏಳ್ತೀನಿ. ಅರ್ಧ ಮನೆ ನಂಗೆ ಬಿಡು. ಈ ಮೂಲೇನೂ ನಿಂಗೇ ಬಿಡ್ತೀನಿ."

ನನ್ನ ಮಗನನ್ನು ಬದುಕಿಸುವುದಕ್ಕೆ ಅರ್ಧ ಲೈನು! ಸುತ್ತ ನೋಡಿದೆ. ಯಾವಳಾದರೂ ಥೂ ಅನ್ನುತ್ತಾಳೇನೋ ಅಂತ ಕಾದೆ. ಒಬ್ಬಳು ಎಲೆ ಅಡಿಕೆ ಸಂಚಿ ಬಿಚ್ಚಿದಳು. ಇನ್ನೊಬ್ಬಳು, "ಒಪ್ಕೊಳ್ಳೇ ರತ್ನ, ಕೂಸು ಒಣಗ್ತೈತೆ" ಅಂದಳು. ಬರಿಗೈಯಲ್ಲಿ, ತುಂಬಿದ ಗಡಿಗೆಯೊಂದಿಗೆ ಮನೆಗೆ ಹೋದರೆ ನಾಳೆ ಈ ರೈಲು ಹತ್ತುವವಳು ನನ್ನ ಓರಗಿತ್ತಿ.

"ಆಯ್ತು" ಅಂದೆ.

ಅವಳು ತಟ್ಟನೆ ಎದ್ದಳು. ಹಲಗೆ ಮೇಲಿನ ಮಸಿಯನ್ನು ತನ್ನ ಸೆರಗಿನಿಂದಲೇ ಒರೆಸಿ ನನ್ನನ್ನು ಕೂರಿಸಿದಳು. ಗಡಿಗೆ ಉರುಳದ ಹಾಗೆ ತನ್ನ ಕಾಲ ಸಂದಿಯಲ್ಲಿ ಹಿಡಿದುಕೊಂಡಳು. ಕೂಸಿನ ಮೇಲೆ ಬಗ್ಗಿ, "ಎಷ್ಟು ಚೆಂದಾಗವ್ನೆ, ನನ್ನ ದೃಷ್ಟಿನೇ ತಗುಲೀತು" ಅಂತ ನೆಟಿಗೆ ಮುರಿದಳು. ಆ ಪ್ರೀತಿ ನಾಟಕವಾಗಿದ್ದರೆ ಸಹಿಸಬಹುದಿತ್ತು. ನಾಟಕವಲ್ಲ ಅನ್ನುವುದು ನನಗೆ ಗೊತ್ತಿತ್ತು. ಗೋಡೆ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡು ಹಾಲು ಕೊಟ್ಟೆ.

ಮಾರನೆಯ ದಿನ ಅವಳು ಮಾತಿಗೆ ತಪ್ಪಲಿಲ್ಲ. ಊರಿಗಾಂನಲ್ಲಿ ನನಗಿಂತ ಮುಂದೆ ನಡೆದು, ಪೆರುಮಾಳನ ಮನೆ ಮುಂದೆ ಗಡಿಗೆ ಇಳಿಸಿ, ಕೈ ತಟ್ಟಿ ಎಲ್ಲರನ್ನೂ ಕರೆದಳು. ಅರ್ಧ ಕನ್ನಡ, ಅರ್ಧ ತಮಿಳು. ನನ್ನ ಸೆರಗು ಸರಿಸಿ ಕೂಸಿನ ಮುಖ ತೆರೆದು ತೋರಿಸಿದಳು.

"ನೋಡ್ರಮ್ಮಾ! ಇದು ರತ್ನಮ್ಮುಂದೇ ಕೂಸು. ಉಸಿರು ನಿಂತೋಗಿತ್ತು. ಮಣ್ಣಿಗೆ ತಗೊಂಡೋಗೋಕೆ ಎತ್ಕೊಂಡಿದ್ರು. ಆ ಸುದ್ದಿ ಕಿವಿಗೆ ಬಿದ್ದಿದ್ದೇ ತಡ, ನಾನು ಕೋಲಾರಮ್ಮುಂಗೆ ಮುಡುಪು ಕಟ್ಟಿ, ಒಪ್ಪೊತ್ತು ಉಣ್ತಾ ಕೂತೆ. ತಾಯಿ ಕಣ್ಣು ಬಿಟ್ಲು, ಕೂಸೂ ಕಣ್ಣು ಬಿಡ್ತು. ನಿಮ್ಗೆಲ್ಲ ಕಣ್ಣಾರೆ ತೋರಿಸ್ದೆ ಏಳಬಾರ್ದು ಅಂತ ಸುಮ್ನಿದ್ದೆ!"

ನಾನು ಬಾಯಿ ತೆರೆದೆ. ಸುಳ್ಳು ಅನ್ನಬೇಕು. ಅಂದರೆ ಕೂಸು ಮತ್ತೆ ಅವಳದಾಗುತ್ತದೆ, ನಾನು ಮತ್ತೆ ತಲೆಕೆಟ್ಟವಳಾಗುತ್ತೇನೆ. ಬಾಯಿ ಮುಚ್ಚಿಕೊಂಡೆ.

ಹೆಂಗಸರು ಗಳಗಳನೆ ಅತ್ತರು. ಯಾರೋ ಕರ್ಪೂರ ಹಚ್ಚಿದರು, ಯಾರೋ ತೆಂಗಿನಕಾಯಿ ತಂದರು. ಕುಂಕುಮವನ್ನು ಮೊದಲು ಅಮ್ಮಾಜಕ್ಕನ ಹಣೆಗಿಟ್ಟರು, ಆಮೇಲೆ ನನ್ನ ಹಣೆಗೆ. ಎಲ್ಲ ಮನೆಗಳ ಮೊಸರಿನ ಚಟ್ಟಿಗಳೂ ಹೊರಗೆ ಬಂದವು, ಅವಳ ಗಡಿಗೆಯ ಮುಂದೆ. ಅವಳು ದೊಡ್ಡ ಮನಸ್ಸಿನಿಂದ, "ಅರ್ಧ ನಮ್ಮ ರತ್ನುನ ಅತ್ರ ತಗೊಳ್ರಮ್ಮ, ಬಾಣಂತಿ" ಅಂದಳು.

ಪೆರುಮಾಳನ ಹೆಂಡತಿ ಕಣ್ಣೊರೆಸಿಕೊಂಡು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ಯಾಕೆ ಮ್ಮಾ ಸುಮ್ಮನೆ ನಿಂತಿದೀಯ? ಅಕ್ಕನ ಕಾಲಿಗೆ ಬೀಳು."

ಲೈನಿಗೆ ಲೈನೇ ನಿಂತು ನೋಡುತ್ತಿತ್ತು. ಅಮ್ಮಾಜಕ್ಕ ಬೇಡ ಬೇಡ ಅನ್ನುತ್ತಲೇ ಕಾಲು ಮುಂದಿಟ್ಟಳು. ನಾನು ಕೂಸನ್ನು ಎದೆಗವಚಿಕೊಂಡು ಬಗ್ಗಿದೆ.