ಕಿಟಕಿ ಪಕ್ಕದ ಯಂತ್ರ

ಹೆರಿಗೆ ರಜೆ ಮುಗಿಸಿ ಕೈಗವಸು ಕಾರ್ಖಾನೆಗೆ ಮರಳಿದ ಬಾಣಂತಿಗೆ ಕಿಟಕಿ ಪಕ್ಕದ ತನ್ನ ಹೊಲಿಗೆ ಯಂತ್ರ ಕಾಣಲಿಲ್ಲ. ಅಲ್ಲಿ ಬರಿ ನೆಲವಿತ್ತು.

"ಇಲ್ಲಿ ಯಂತ್ರ ಯಾವತ್ತಿತ್ತಮ್ಮ?" ಎಂದ ಮೇಸ್ತ್ರಿ, ಮಗುವನ್ನು ರಮಿಸುವ ದನಿಯಲ್ಲಿ. "ನಿದ್ದೆಗೆಟ್ಟು ತಲೆ ಕೆಟ್ಟಿದೆ ನಿಂಗೆ. ಮನೆಗೆ ಹೋಗು."

ಅವಳು ಸಾಲಿನುದ್ದಕ್ಕೂ ಕೇಳುತ್ತ ಹೋದಳು. ಜೊತೆಯವರು ಸೂಜಿಯಿಂದ ಕಣ್ಣೆತ್ತದೆ, ಗಿಳಿಪಾಠ ಒಪ್ಪಿಸುವಂತೆ, "ಇರ್ಲಿಲ್ಲಕ್ಕಾ" ಎಂದರು. ಇಷ್ಟು ವರ್ಷ ಇಲ್ಲಿ ಕೂತಿದ್ದು ತಾನೇ ಹೌದೋ ಅಲ್ಲವೋ ಎಂದು ಅವಳಿಗೇ ಅನುಮಾನ ಹುಟ್ಟಿತು. ಬಗ್ಗಿ ನೆಲ ಮುಟ್ಟಿದಳು. ಯಂತ್ರವನ್ನು ನೆಲಕ್ಕೆ ಬಿಗಿದಿದ್ದ ಬೋಲ್ಟಿನ ತೂತಿಗೆ ಮೆತ್ತಿದ ಸಿಮೆಂಟು ಇನ್ನೂ ಹಸಿಯಾಗಿತ್ತು, ಬೆರಳು ಒಳಗಿಳಿಯಿತು.

"ಹೆರಿಗೆಗೆ ಹೋದೋಳ ಕೆಲಸ ಕಿತ್ಕೊಳ್ಳೋ ಹಾಗಿಲ್ಲ, ಕಾನೂನಿದೆ," ಎಂದಳು.

ಮೇಸ್ತ್ರಿ ನಕ್ಕ. "ಕಾನೂನಿಗೆ ಸಾಕ್ಷಿ ಬೇಕಲ್ಲಮ್ಮ. ಯಾರಿದಾರೆ?"

ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ಯಾರಿಗೂ ಹೇಳದ ಬಸುರನ್ನು ಸಡಿಲ ಅಂಗಿಯೊಳಗೆ ಮುಚ್ಚಿಕೊಂಡಿದ್ದ ಪಕ್ಕದ ಹುಡುಗಿ ಹಸಿ ಸಿಮೆಂಟನ್ನು ನೋಡಿದಳು, ಆಮೇಲೆ ತನ್ನ ಯಂತ್ರದ ಬೋಲ್ಟುಗಳನ್ನು ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಎದ್ದು ನಿಂತಳು.

"ನಾನಿದೀನಿ. ಅಕ್ಕನ ಯಂತ್ರ ಇಲ್ಲೇ ಇತ್ತು. ಬೆಳಿಗ್ಗೆ ಗೇಟು ತೆಗೆದ ಕೂಡ್ಲೆ ನೀವೇ ಕೀಳಿಸಿದ್ರಿ."