ಪದ ಮತ್ತು ರಾಗ: ರೋಕ್

"ಗಾಡಿ ತಿರುಗಿಸು ಸೈದು," ಎಂದ ಎಡ್ವರ್ಡ್.

"ಎಂತಕ್ಕೆ?"

"ಮಿರ್ಕಾಬಿನ ಜೆರಾಕ್ಸ್ ಅಂಗಡಿಗೆ ವಾಪಸ್ ಹೋಗುವಾ. ಇದರಲ್ಲಿ ಒಂದು ಸಾಲು ತಪ್ಪುಂಟು."

ಸೈದು ಗೇರು ಇಳಿಸಿದನೇ ಹೊರತು ಪಿಕಪ್ ತಿರುಗಿಸಲಿಲ್ಲ. ಮುಂದೆ ನಾಲ್ಕನೇ ರಿಂಗ್ ರೋಡಿನ ತುಂಬ ಕಾರುಗಳು ಧೂಳಿನಲ್ಲಿ ಲೈಟು ಹಾಕಿಕೊಂಡು ನಿಂತಿದ್ದವು. ಬೆಳಗಿನ ಹತ್ತಕ್ಕೇ ಕೊಲ್ಲಿ ದೇಶದ ಮೇ ತಿಂಗಳ ಮರಳುಗಾಳಿ ಎದ್ದಿತ್ತು. ಎಡ್ವರ್ಡನ ತೊಡೆಯ ಮೇಲೆ ಜೆರಾಕ್ಸ್ ಅಂಗಡಿಯಿಂದ ಆಗಷ್ಟೇ ತಂದ ನೂರು ಹಾಳೆಗಳು ಇನ್ನೂ ಬೆಚ್ಚಗಿದ್ದವು. ಮೇಲೆ ರೋಕ್ ಮಥಾಯಸನ ಫೋಟೋ. ಜನನ ೧೯೪೦, ಮರಣ ೧೯೯೯. ಅದರ ಕೆಳಗೆ ಹದಿನಾರು ಸಾಲಿನ ಒಂದು ಕೊಂಕಣಿ ಭಕ್ತಿಗೀತೆ. ಎಲ್ಲಕ್ಕಿಂತ ಕೆಳಗೆ, ದಪ್ಪ ಅಕ್ಷರದಲ್ಲಿ: ಪದ ಮತ್ತು ರಾಗ, ರೋಕ್.

"ಪೊರ್ಬುಗಳೇ," ಎಂದ ಸೈದು; ಊರಿನ ಕ್ರೈಸ್ತರನ್ನು ಅವನು ಕರೆಯುವುದೇ ಹಾಗೆ. "ಹನ್ನೊಂದಕ್ಕೆ ಪ್ರಾರ್ಥನೆ. ಹನ್ನೆರಡಕ್ಕೆ ಪೆಟ್ಟಿಗೆ ಏರ್‌ಪೋರ್ಟಿಗೆ ಹೋಗ್ತದೆ. ಈಗ ತಿರುಗಿಸಿದ್ರೆ ರೋಕಣ್ಣನ ಮುಖ ನೋಡ್ಲಿಕ್ಕೆ ನೀವು ಮಂಗಳೂರಿಗೇ ಹೋಗ್ಬೇಕಾದೀತು. ಎಷ್ಟು ದೊಡ್ಡ ತಪ್ಪು?"

"ಸಣ್ಣದು."

"ಸಣ್ಣದಾದ್ರೆ ಬಿಡಿ ಮಾರಾಯ್ರೆ. ಅಳುವವರು ಯಾರು ತಪ್ಪು ಹುಡುಕಿಕೊಂಡು ಕೂತ್ಕೊಳ್ತಾರೆ?"

ಹುಡುಕುವವರು ಇರಲಿಲ್ಲ, ನಿಜ. ಆದರೆ ಈ ಹಾಳೆಗಳಲ್ಲೊಂದು ಪೆಟ್ಟಿಗೆಯ ಜೊತೆ ಊರಿಗೆ ಹೋಗಲಿತ್ತು. ಊರಿನ ಪಾದ್ರಿಯೊಬ್ಬರು ಹೊಸ ಭಕ್ತಿಗೀತೆಗಳ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಹಾಳೆಯಲ್ಲಿ ಇದ್ದದ್ದು ಪುಸ್ತಕದಲ್ಲಿ ಬರುತ್ತದೆ, ಪುಸ್ತಕದಲ್ಲಿ ಬಂದದ್ದು ಇನ್ನು ನೂರು ವರ್ಷ ಹಾಗೆಯೇ ಇರುತ್ತದೆ.

ಆ ಹದಿನಾರು ಸಾಲನ್ನು ಬರೆದವನು ಎಡ್ವರ್ಡ್.

ಮೂವತ್ತೆರಡು ವರ್ಷ ಮಿರ್ಕಾಬಿನ ಆಫೀಸೊಂದರಲ್ಲಿ ಅವನು ಬೇರೆಯವರ ಪತ್ರಗಳನ್ನು ಟೈಪ್ ಮಾಡಿದ್ದ. ಮದುವೆಯಾಗಿರಲಿಲ್ಲ. ತನ್ನದು ಎಂದು ಬರೆದದ್ದು ಇದೊಂದೇ.

"ಮುದೀರ್ ಇವತ್ತು ಮಧ್ಯಾಹ್ನದವರೆಗೆ ಸ್ಟೋರ್ ಬಂದ್ ಮಾಡಿದ್ದಾರೆ," ಎಂದ ಸೈದು. ಅವನೂ ರೋಕನೂ ರಾಯ್ ಬಡಾವಣೆಯ ಒಂದೇ ಕಂಪನಿಯವರು. ರೋಕ್ ಏಸಿ ಬಿಡಿಭಾಗಗಳ ಸ್ಟೋರ್‌ಕೀಪರ್, ಸೈದು ಡ್ರೈವರ್, ಮುದೀರ್ ಎಂದರೆ ಅಲ್ಲಿನ ಮ್ಯಾನೇಜರ್. "ತೊಂಬತ್ತರ ಯುದ್ಧ ಬಿಟ್ರೆ ಬಾಗಿಲು ಹಾಕಿದ್ದು ಇದೇ ಮೊದಲು. ಇನ್ನು ಸಾಮಾನು ಹುಡುಕುದು ಯಾರು ಹೇಳಿ? ರೋಕಣ್ಣನಿಗೆ ಪಾರ್ಟ್ ನಂಬರ್ ಬೇಡ, ಸದ್ದು ಕೇಳಿದ್ರೆ ಸಾಕಿತ್ತು. ಗಿರಾಕಿ ಬಾಯಲ್ಲಿ 'ಟಕ ಟಕ ಟಕ' ಮಾಡ್ಬೇಕು, ಇವರು ಮೇಲೆ ಹತ್ತಿ ಬೇರಿಂಗ್ ತರ್ಬೇಕು."

ಅವನು ನಕ್ಕ, ಕಣ್ಣು ಒರೆಸಿಕೊಂಡ, ಪಕ್ಕದ ಕಾರಿನವನಿಗೆ ಹಾರ್ನ್ ಹೊಡೆದ.

*

೧೯೭೧ರಲ್ಲಿ ರೋಕನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ, ಒಂದು ರೆಕಾರ್ಡ್ ಪ್ಲೇಯರ್ ಇದ್ದವು. ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಎಡ್ವರ್ಡ್ ಅಲ್ಲಿಗೆ ಹೋಗುತ್ತಿದ್ದ. ರೋಕನ ಬಳಿ ಸಿಂಗಲ್‌ಗಳು ಮಾತ್ರ, ಬದಿಗೊಂದು ಹಾಡಿನ ಸಣ್ಣ ತಟ್ಟೆಗಳು. ಎಲ್ಲವೂ ಅವನು ಈ ಊರಿಗೆ ಬರುವ ಮೊದಲಿನ ಎರಡು ಮೂರು ವರ್ಷಗಳವು. ಕೆಲವು ಹಾಡುಗಳನ್ನು ಎರಡೆರಡು ಸಲ ಕೊಂಡಿದ್ದ, ಬೇರೆ ಬೇರೆ ಗಾಯಕರದು.

"ಇದು ಅಮೆರಿಕದವನು ಹಾಡಿದ್ದು," ಎಂದು ಆ ದಿನ ಒಂದನ್ನು ಇಟ್ಟ. ಶನಿವಾರ ಸಿಗುತ್ತೇನೆಂದ ಹುಡುಗಿಗಾಗಿ ಬಸ್ ನಿಲ್ದಾಣದಲ್ಲಿ ಕಾಯುವ ಹುಡುಗನ ಹಾಡು. "ಇದು ಎರಡೇ ತಿಂಗಳಲ್ಲಿ ಲಂಡನ್ನಿನವಳೊಬ್ಬಳು ಹಾಡಿದ್ದು. ಕೇಳು."

"ಕದ್ದದ್ದಲ್ಲವಾ?"

"ಕದ್ದವನು ಓಡ್ತಾನೆ. ಇವಳು ನಿಧಾನ ಮಾಡಿದ್ದಾಳೆ, ಕೇಳಿದ್ಯಾ? ಅವನು ಹುಡುಗಿ ಬರ್ತಾಳೆ ಅಂತ ಹಾಡ್ತಾನೆ. ಇವಳು ಬರೂದಿಲ್ಲ ಅಂತ ಗೊತ್ತಿದ್ದು ಹಾಡ್ತಾಳೆ." ರೋಕ್ ಮುಳ್ಳು ಎತ್ತಿದ. "ಎಡ್ಡೀ, ಇದಕ್ಕೆ ಕೊಂಕಣಿಯಲ್ಲಿ ದೇವರ ಪದ ಹಾಕ್ಲಿಕ್ಕೆ ಆಗ್ತದಾ?"

ಲ್ಯಾಟಿನ್ ಬಿಟ್ಟು ಕೊಂಕಣಿಯಲ್ಲಿ ಹಾಡಬಹುದು ಎಂದಾಗಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ಹಾಡುಗಳು ಸಾಲದೆ, ಇದ್ದ ರಾಗಕ್ಕೆ ಪದ ಕಟ್ಟುವುದು ಊರಿನಲ್ಲೂ ನಡೆಯುತ್ತಿತ್ತು. ಆದರೆ ಡಾನ್ಸಿನ ಹಾಡಿಗಲ್ಲ. ಎಡ್ವರ್ಡ್ ಎರಡು ವಾರ ತೆಗೆದುಕೊಂಡ. ಕೆಲಸ ಮುಗಿಸಿ ಬರುತ್ತಿದ್ದೇನೆ, ದೀಪ ಆರಿಸಬೇಡ ಎಂದು ದೇವರಿಗೆ ಹೇಳುವ ಹಾಡು ಅದು. ರೋಕನ ತಂಡ ಚರ್ಚಿನಲ್ಲಿ ಮೊದಲ ಸಲ ಹಾಡಿದಾಗಲೇ ಆಸ್ಪತ್ರೆಯ ನರ್ಸುಗಳೂ ಬಂದರಿನ ಗುಮಾಸ್ತರೂ ಅತ್ತರು.

ಪೂಜೆಯ ನಂತರ ಪಾದ್ರಿ ಗಾಯಕರ ಬಳಿ ಬಂದು, "ಯಾರು ಮಾಡಿದ್ದು ಇದು?" ಎಂದು ಕೇಳಿದರು.

ದನಿಯಲ್ಲಿ ಕೋಪವೋ ಮೆಚ್ಚುಗೆಯೋ ತಿಳಿಯಲಿಲ್ಲ. ರಾಗ ಬಸ್ ನಿಲ್ದಾಣದ ಹುಡುಗಿಯದೆಂದು ಗೊತ್ತಾಗಿಬಿಟ್ಟಿದೆ ಎಂದೇ ಎಡ್ವರ್ಡ್ ಎಣಿಸಿದ. ರೋಕ್ ಅವನ ಕಡೆ ನೋಡಿದ. ಎಡ್ವರ್ಡ್ ಬೆರಳೆತ್ತಿ ರೋಕನನ್ನು ತೋರಿಸಿದ.

"ಹೌದು ಫಾದರ್, ನಾನೇ," ಎಂದ ರೋಕ್.

ಪಾದ್ರಿ ಅವನನ್ನು ಅಪ್ಪಿಕೊಂಡರು.

*

ಶವಾಗಾರದ ಹೊರಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ಯಾರೂ ಹೆಚ್ಚು ಹೊತ್ತು ಒಂದೆಡೆ ನಿಲ್ಲುತ್ತಿರಲಿಲ್ಲ. ಒಬ್ಬ ಗಡಿಯಾರ ನೋಡುತ್ತಿದ್ದ, ಒಬ್ಬ ರೋಕನ ಪಾಸ್‌ಪೋರ್ಟ್ ರದ್ದಾದ ಕಾಗದ ಬಂತೇ ಎಂದು ಹೊರಗೂ ಒಳಗೂ ಓಡುತ್ತಿದ್ದ.

"ಏಣಿಯ ಬುಡದಲ್ಲಿ ಕೂತಲ್ಲೇ ಹೋದನಂತೆ ರೋಕ್. ಕೈಯಲ್ಲಿ ಬೆಲ್ಟು ಇತ್ತಂತೆ."

"ಯಾವ ಬೆಲ್ಟು?"

"ಫ್ಯಾನ್ ಬೆಲ್ಟು, ಮತ್ತೆಂತ! ಗಿರಾಕಿ ಹೊರಗೆ ಕಾಯ್ತಿದ್ದನಂತೆ."

"ಅವ ಇದ್ದಿದ್ರೆ ಇಷ್ಟು ಹೊತ್ತಿಗೆ ಶ್ರುತಿ ಕೊಟ್ಟು, ನಮಗೆಲ್ಲ ಬೈದು ಮುಗಿಸ್ತಿದ್ದ. 'ಮೀನು ಮಾರ್ಲಿಕ್ಕೆ ಬಂದದ್ದಾ ನೀವು, ಹಾಡ್ಲಿಕ್ಕೆ ಬಂದದ್ದಾ?' ಅಂತ."

ಸೈದು ಹಾಳೆಗಳನ್ನು ಹಂಚಿದ. ರೋಕನ ಹೆಂಡತಿ ಕಾರ್ಮಿನ್ ಒಂದನ್ನು ತೆಗೆದುಕೊಂಡು ಬೆರಳಿಟ್ಟು ಓದಿದಳು. ಬೆರಳು ಕೊನೆಯ ಸಾಲಿನಲ್ಲಿ ನಿಂತಿತು.

"ಸರಿ ಬಂದಿದೆಯಲ್ಲ ಎಡ್ವರ್ಡ್ ಬಾಬ್? ಅವರು ಇದ್ದಾಗ ಹೆಸರು ಹಾಕ್ಲಿಕ್ಕೆ ಬಿಡ್ಲೇ ಇಲ್ಲ. ಮೂರು ಸಲ ಊರಿನ ಪಾದ್ರಿ ಪುಸ್ತಕಕ್ಕೆ ಅಂತ ಕಾಗದ ಬರೆದ್ರು. 'ನನ್ನ ಹೆಸರು ಬೇಡ, ಹಾಡು ಹಾಕಿ' ಅಂದ್ರು. ಇಂಥ ನಾಚಿಕೆಯವರು."

ಎಡ್ವರ್ಡನಿಗೆ ಇದು ಹೊಸದು. ಕಾಗದ ಬಂದದ್ದನ್ನು ರೋಕ್ ಹೇಳಿರಲಿಲ್ಲ.

"ಈಗ ಅವರು ಬೇಡ ಅನ್ನುವ ಹಾಗಿಲ್ಲ," ಎಂದಳು ಕಾರ್ಮಿನ್. "ಇಡೀ ಜನ್ಮ ಸ್ಟೋರಿನಲ್ಲಿ ಕಳೆದ್ರು. ಮೂರು ತಂಗಿಯರ ಮದುವೆ ಮಾಡಿಸಿದ್ರು. ಮನುಷ್ಯ ಇದ್ದ ಅನ್ನುವುದಕ್ಕೆ ಇದಾದ್ರೂ ಇರ್ಲಿ ಅಲ್ವಾ?"

"ಕಾರ್ಮಿನ್ ಬಾಯ್," ಎಂದ ಎಡ್ವರ್ಡ್, ತಂಗಿಯನ್ನು ಕರೆಯುವಂತೆ. "ಒಂದು ಮಾತು ಹೇಳ್ಲಿಕ್ಕುಂಟು."

"ಹೇಳಿ."

ಪದ ನನ್ನದು ಎಂದರೆ ಸಾಲದು. ರಾಗ ರೋಕನದಾ ಎಂದು ಇವಳು ಕೇಳುತ್ತಾಳೆ. ಹೌದೆಂದರೆ ಒಂದು ಸುಳ್ಳು ಹೋಗಿ ಇನ್ನೊಂದು ಉಳಿಯಿತು. ಅಲ್ಲವೆಂದರೆ ಬಸ್ ನಿಲ್ದಾಣದ ಹುಡುಗಿಯನ್ನೂ ಹೇಳಬೇಕು. ಆಮೇಲೆ ಯಾವ ಪಾದ್ರಿಯೂ ಆ ಹಾಡನ್ನು ಪುಸ್ತಕದಲ್ಲಿ ಸೇರಿಸುವುದಿಲ್ಲ. ರೋಕನ ಹೆಸರೂ ಇಲ್ಲ, ಎಡ್ವರ್ಡನ ಪದವೂ ಇಲ್ಲ.

"ನೀವು ಹಾಡಿಗೆ ಶುರು ಹಚ್ಚಬೇಕು," ಎಂದಳು ಕಾರ್ಮಿನ್. "ಅದೇ ತಾನೇ? ನಾನೇ ಕೇಳುವವಳಿದ್ದೆ."

ಒಳಗಿನ ಬಾಗಿಲು ತೆರೆಯಿತು. "ಯಲ್ಲಾ, ಯಲ್ಲಾ, ಹಿಂದಿ," ಎಂದು ಅರಬ್ಬಿಯಲ್ಲಿ ಭಾರತೀಯರನ್ನು ಬೇಗ ಬರಹೇಳಿ ನೌಕರನೊಬ್ಬ ಕೈ ಬೀಸಿದ. ಎಲ್ಲರೂ ಒಟ್ಟಿಗೆ ನುಗ್ಗಿದರು.

*

ಒಂದೇ ಒಂದು ಸಲ ರೋಕನೇ ಆ ಮಾತು ಎತ್ತಿದ್ದ. ತೊಂಬತ್ತೊಂದರಲ್ಲಿ, ಯುದ್ಧ ಮುಗಿದು ಇಬ್ಬರೂ ಊರಿನಿಂದ ವಾಪಸ್ ಬಂದ ವರ್ಷ. ರೋಕನ ಮನೆಯಲ್ಲಿ ಬಾಗಿಲು, ಫ್ಯಾನು, ರೆಕಾರ್ಡುಗಳು ಏನೂ ಉಳಿದಿರಲಿಲ್ಲ. ಬರಿ ನೆಲದ ಮೇಲೆ ಕೂತು ಇಬ್ಬರೂ ಕುಬ್ಬೂಸ್ ರೊಟ್ಟಿ ತಿನ್ನುತ್ತಿದ್ದರು.

"ಈಗ ರೆಕಾರ್ಡೂ ಇಲ್ಲ," ಎಂದ ರೋಕ್. "ನೀನೇ ಬರೆದದ್ದು ಅಂತ ಹೇಳಿಬಿಡುವಾ ಎಡ್ಡೀ. ಕೇಳಿ ಕೇಳಿ ನನಗೆ ಕಿವಿ ಬಿಸಿ ಆಗ್ತದೆ."

"ಈಗ ಬೇಡ," ಎಂದಿದ್ದ ಎಡ್ವರ್ಡ್.

"ಮತ್ತೆ ಯಾವಾಗ?"

"ನೋಡುವಾ."

ಇಪ್ಪತ್ತು ವರ್ಷ ಸುಳ್ಳು ಹೇಳಿದ್ದು ಯಾಕೆ ಎಂದು ಜನ ಕೇಳುತ್ತಾರಲ್ಲ ಎಂಬುದು ಆಗಿನ ಅವನ ಹೆದರಿಕೆ. ರೋಕ್ ರೊಟ್ಟಿಯ ಅರ್ಧವನ್ನು ಅವನ ಕಡೆ ಸರಿಸಿದ್ದ. ಅಷ್ಟೇ.

*

ಪೆಟ್ಟಿಗೆಯ ಮುಚ್ಚಳ ಅರ್ಧ ತೆರೆದಿತ್ತು. ರೋಕನ ಕೂದಲನ್ನು ಯಾರೋ ತಪ್ಪು ಬದಿಗೆ ಬಾಚಿದ್ದರು. ಪಾದ್ರಿ ಬೇಗ ಬೇಗ ಪ್ರಾರ್ಥನೆ ಮುಗಿಸಿ ಎಡ್ವರ್ಡನಿಗೆ ತಲೆ ಆಡಿಸಿದರು.

ಮೊದಲ ಸಾಲನ್ನು ಎಡ್ವರ್ಡ್ ಒಬ್ಬನೇ ಹಾಡಿದ. ಎರಡನೆಯದಕ್ಕೆ ಉಳಿದವರು ಸೇರಿಕೊಂಡರು. ಮೂರನೆಯ ಸಾಲಿನ ಹೊತ್ತಿಗೆ ಹಿಂದಿನಿಂದ ಒಂದು ದಪ್ಪ ದನಿ ಎದ್ದಿತು. ರಾಗ ಅದೇ, ಭಾಷೆ ಬೇರೆ.

ಎಲ್ಲರೂ ಹಾಡುತ್ತಲೇ ತಿರುಗಿದರು. ಮುದೀರ್ ನಝೀಹ್, ರೋಕನ ಕಂಪನಿಯ ಲೆಬನಾನಿ ಮ್ಯಾನೇಜರ್. ಅರವತ್ತರ ಭಾರೀ ಮನುಷ್ಯ, ಕೊರಳಲ್ಲಿ ಚಿನ್ನದ ಶಿಲುಬೆ. ಕಣ್ಣು ಮುಚ್ಚಿ, ಒಂದು ಕೈ ಎದೆಯ ಮೇಲಿಟ್ಟು ಹಾಡುತ್ತಿದ್ದ. ಅದು ಫ್ರೆಂಚ್ ಎಂಬುದಷ್ಟೇ ಎಡ್ವರ್ಡನಿಗೆ ಗೊತ್ತಾಯಿತು. ಲಂಡನ್ನಿನವಳಂತೆ ಇವನೂ ನಿಧಾನ ಮಾಡಿದ. ಉಳಿದವರೂ ಅವನ ಜೊತೆ ನಿಧಾನವಾದರು. ಇನ್ನು ಖಂಡಿತ ಸಿಕ್ಕಿಬಿದ್ದೆವು ಎಂದುಕೊಂಡು ಎಡ್ವರ್ಡ್ ಪೆಟ್ಟಿಗೆಯ ಅಂಚು ಹಿಡಿದ.

ಹಾಡು ಮುಗಿದಾಗ ಕಾರ್ಮಿನ್ ಎಡ್ವರ್ಡನ ತೋಳು ಹಿಂಡಿದಳು. "ಕೇಳಿದ್ರಾ? ಅವರ ಚರ್ಚಿನಲ್ಲಿ ಕೂಡ ಹಾಡ್ತಾರೆ! ಇವರ ಹಾಡು ಎಲ್ಲಿಯವರೆಗೆ ಹೋಗಿದೆ ನೋಡಿ."

"ಲೆಬನಾನಿಗೆ ಹೋಗಿದೆ," ಎಂದಳು ಪಕ್ಕದ ಹೆಂಗಸು. ಆ ಸುದ್ದಿ ಗೋಡೆಯುದ್ದಕ್ಕೂ ಹರಡಿತು. ಅಳುತ್ತಿದ್ದವರ ಮುಖಗಳು ಸ್ವಲ್ಪ ಅರಳಿದವು.

ಎಡ್ವರ್ಡ್ ಬಾಯಿ ತೆರೆದ. ಕಾರ್ಮಿನ್ ಆಗಲೇ ರೋಕನ ಕೂದಲನ್ನು ಸರಿಯಾದ ಬದಿಗೆ ಬಾಚುತ್ತಿದ್ದಳು.

"ಹೌದು ಬಾಯ್," ಎಂದ ಅವನು. "ಬಹಳ ದೂರ ಹೋಗಿದೆ."

ಹೊರಗೆ ಬಿಸಿಲು, ಗಾಳಿ. ವ್ಯಾನನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದರು. ಮುದೀರ್ ತನ್ನ ಕಾರಿನ ಬಳಿ ನಿಂತು ಸಿಗರೇಟು ಹಚ್ಚಲು ನೋಡಿ ಸೋತಿದ್ದ. ಎಡ್ವರ್ಡನನ್ನು ಕಂಡು ಇಂಗ್ಲಿಷಿನಲ್ಲಿ ಕರೆದ.

"ಬೈರೂತಿನಲ್ಲಿ ಅರವತ್ತಮೂರರ ಬೇಸಿಗೆಯಿಡೀ ನಾವು ಈ ಫ್ರೆಂಚ್ ಹಾಡಿಗೆ ಕುಣಿದೆವು. ಇಂಗ್ಲಿಷಿನದೊಂದು ಇದೆ ಅಂತ ಹೇಳಿದ್ದೇ ರೋಕ್. ಸ್ಟೋರಿನಲ್ಲಿ ಅವನೊಂದು ಮೂಲೆ, ನಾನೊಂದು ಮೂಲೆ, ಅವನು ನಿಮ್ಮ ಭಾಷೆಯದನ್ನು ಹಾಡ್ತಿದ್ದ, ನಾನು ನಮ್ಮದನ್ನು." ಅವನು ಮೂಗು ಒರೆಸಿಕೊಂಡ. "ನಿಮ್ಮ ಪದಗಳಿಗೆ ಅರ್ಥ ಏನು ಅಂತ ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲ ಒಂದೇ ಉತ್ತರ: 'ಅದು ನನ್ನದಲ್ಲ ಸರ್, ನನ್ನ ದೋಸ್ತ್ ಎಡ್ವರ್ಡ್ ಬರೆದದ್ದು, ಅವನನ್ನೇ ಕೇಳಿ. ನಾನು ಹೇಳಿದ್ರೆ ಹಾಳಾಗ್ತದೆ.' ಆ ಎಡ್ವರ್ಡ್ ಯಾರು? ಬಂದಿದ್ದಾನಾ?"

ವ್ಯಾನಿನ ಹಿಂಬಾಗಿಲು ತೆರೆಯಿತು. ನಾಲ್ವರು ಪೆಟ್ಟಿಗೆಯನ್ನು ಎತ್ತಿದರು.

"ನಾನೇ," ಎಂದ ಎಡ್ವರ್ಡ್.

ಮುದೀರ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಸಿಗರೇಟು ಪ್ಯಾಕೆಟ್ಟನ್ನು ಖಾಲಿ ಮಾಡಿ ಬಿಡಿಸಿ, ಒಳಗಿನ ಬಿಳಿ ಬದಿಯನ್ನು ಬಾನೆಟ್ಟಿನ ಮೇಲೆ ಹಾಸಿದ. "ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಪಕ್ಕದಲ್ಲಿ ಅರ್ಥ. ಪೂರ್ತಿ ಬೇಕು."

ಕಾಯ್ದ ಬಾನೆಟ್ಟಿನ ಮೇಲೆ ಎಡ್ವರ್ಡ್ ಬಗ್ಗಿದ. ಗಾಳಿಗೆ ರಟ್ಟು ಏಳದಂತೆ ಮುದೀರ್ ತನ್ನ ಎರಡೂ ಅಂಗೈಗಳನ್ನು ಅಂಚಿಗೆ ಒತ್ತಿ ಹಿಡಿದ. ಉಂಗುರದ ಬೆರಳುಗಳ ನಡುವೆ ಅಕ್ಷರಗಳು ಒಂದೊಂದಾಗಿ ಇಳಿದವು.

"ಪೊರ್ಬುಗಳೇ!" ಸೈದು ಕೂಗಿದ. "ಬನ್ನಿ, ಬನ್ನಿ, ಹೊರಟಿತು!"

ಗಂಡಸರು ಟೊಪ್ಪಿ ತೆಗೆದು ವ್ಯಾನಿನ ಹಿಂದೆ ಗೇಟಿನವರೆಗೆ ನಡೆದರು. ಎಡ್ವರ್ಡ್ ತಲೆ ಎತ್ತಲಿಲ್ಲ. ಬೆವರಿನ ಹನಿಯೊಂದು ಎರಡನೆಯ ಸಾಲಿನ ಮೇಲೆ ಬಿತ್ತು, ಅದನ್ನು ಮಣಿಕಟ್ಟಿನಿಂದ ಒತ್ತಿ ತೆಗೆದ. ವ್ಯಾನು ರಸ್ತೆಗೆ ತಿರುಗುವಾಗ ಅವನು ಮೂರನೆಯ ಸಾಲಿನಲ್ಲಿದ್ದ.